ಕೋವಿಯ ಬೆನ್ನಿಗೊಂದು ಬಿರಡೆ

ನಮ್ಮ ಮಲೆನಾಡಿನ ಕಡೆ ಕೋವಿಯ ಒಂದೊಂದು ಭಾಗಕ್ಕೂ ಒಂದೊಂದು ಹೆಸರಿದೆ. ಮದ್ದು ಗಿಡಿಯುವ ಸರಳಿಗೆ ಗಜ. ಎತ್ತಿ ಬಿಡುವ ಸುತ್ತಿಗೆಗೆ ಕುದುರೆ. ಕುದುರೆ ಬಡಿಯುವ ಪುಟ್ಟ ಟೋಪಿಗೆ ಕೇಪು. ಒಳಗೆ ಹಾಕುವುದು ಚರೆ, ಹೊಡೆದರೆ ಈಡು. ಆದರೆ ನಳಿಗೆಯ ಹಿಂದಿನ ತುದಿಯನ್ನು ಮುಚ್ಚಿಕೊಂಡು ಕೂತಿರುವ ಬಿರಡೆ ಇದೆಯಲ್ಲ, ಅದಕ್ಕೆ ಮಾತ್ರ ಹೆಸರೇ ಇಲ್ಲ. ಕನಿಷ್ಠ ನಮ್ಮ ಮನೆಯಲ್ಲಂತೂ ಯಾರ ಬಾಯಲ್ಲೂ ಕೇಳಿಲ್ಲ. ಇಂಗ್ಲಿಷಿನವರು ಬ್ರೀಚ್ ಪ್ಲಗ್ ಅನ್ನುತ್ತಾರೆ. ಆಯುಧಪೂಜೆಯ ದಿನ ನಳಿಗೆಗೆ ಕುಂಕುಮ, ಮರಕ್ಕೆ ಹೂವು. ಪಾಪ, ಬಿರಡೆಗೆ ಏನೂ ಇಲ್ಲ. ಈಡು ಹೊಡೆಯುವಾಗ ಮದ್ದಿಗೂ ನಮ್ಮ ಕಣ್ಣಿಗೂ ನಡುವೆ ಅಡ್ಡ ನಿಲ್ಲುವುದು ಮಾತ್ರ ಅದೊಂದೇ!

ಬ್ಲಾಗಿಗೆ ತಲೆ ಹಾಕದೆ ತುಂಬಾ ದಿನವಾಗಿತ್ತು. ಈ ಸಲ ಸಿನಿಮಾ ಇಲ್ಲ, ಟ್ರೆಕ್ಕಿಂಗ್ ಇಲ್ಲ, ಕವನವಂತೂ ಇಲ್ಲವೇ ಇಲ್ಲ (ನಿಟ್ಟುಸಿರು ಬಿಟ್ಟಿರಾ? :-) ). ಈ ಬಿರಡೆಯ ಬಗ್ಗೆಯೇ ಬರೆಯೋಣ ಅಂತ. ಕಾರಣ ನನ್ನ ಮಾವ.

ಮಾವ ಅಂದರೆ ಅಮ್ಮನ ತಮ್ಮ. ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಬೆಳೆ ಕಾಯುವುದಕ್ಕೆ ಅಂತ ಲೈಸೆನ್ಸ್ ಇರುವ ಒಂಟಿ ನಳಿಗೆಯ ಕೇಪಿನ ಕೋವಿ. ಅದು ಅಜ್ಜನ ಕಾಲದ್ದು. ಅದರಿಂದ ಮಾವ ಏನನ್ನೂ ಕೊಂದಿದ್ದು ನಾನು ನೋಡಿಲ್ಲ. ಮಂಗನ ಹಿಂಡು ಬಂದರೆ, ರಾತ್ರಿ ಹಂದಿಯ ಸದ್ದಾದರೆ, ಚರೆ ಹಾಕದೆ ಆಕಾಶಕ್ಕೊಂದು ಖಾಲಿ ಈಡು. ಅಷ್ಟೇ. ಹೋದ ದೀಪಾವಳಿಗೆ ಊರಿಗೆ ಹೋದಾಗ ಮಾವ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಅಮೇರಿಕಾದವನೊಬ್ಬ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಗಿಡಿದು, ಢಂ ಅನ್ನಿಸುತ್ತಾನೆ. ಹೊಗೆಯೇ ಇಲ್ಲ!

"ನೋಡೋ, ಇದೂ ನಮ್ದರ ಹಂಗೇ ಬಾಯಿಂದ ತುಂಬೋ ಕೋವಿ. ಇವ್ರು ತೋಟಾದೊಳಗಿನ ಮದ್ದು ಹಾಕ್ತಾರಂತೆ. ನಮ್ಗೆ ಕರಿಮದ್ದು ಸಿಗೋದೇ ಕಷ್ಟ ಆಗಿದೆ. ಸಿಕ್ಕಿದ್ದೂ ಮಳೆಗಾಲದಲ್ಲಿ ತಂಡಿ ಹಿಡೀತದೆ. ಆಚೆ ತೋಟದವರ ಹತ್ರ ಹನ್ನೆರಡು ಬೋರಿನ ತೋಟಾ ಇದೆ. ನಾಲ್ಕು ಒಡೆದ್ರೆ ಮದ್ದು ಸಿಗ್ತದಲ್ಲ ಮಾರಾಯ. ನೀನು ಮೆಕ್ಯಾನಿಕಲ್ ಓದಿದವನು, ಹಾಕಬಹುದೇನೋ?"

ನಾನು ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ ಈಗ ಬೆಂಗಳೂರಿನಲ್ಲಿ ಜಾವಾ ಬರೆಯುವವನು. ನೆಂಟರಿಷ್ಟರು ಮಿಕ್ಸಿ ಕೆಟ್ಟರೆ ಮಾತ್ರ ನನ್ನ ಡಿಗ್ರಿಯನ್ನು ನೆನಪಿಸಿಕೊಳ್ಳುತ್ತಾರೆ. ಆದರೆ ಈ ಪ್ರಶ್ನೆ ಕೇಳಿ ಹೊಟ್ಟೆಯೊಳಗೆ ತಣ್ಣಗಾಯಿತು. "ಬೇಡ ಮಾವ, ಖಂಡಿತಾ ಬೇಡ" ಅಂದೆ. "ಯಾಕೆ?" ಅಂದರು. ಮಾವನ ಜಾಯಮಾನವೇ ಅದು, ಯಾಕೆ ಅಂತ ಹೇಳದೆ ಬೇಡ ಅಂದರೆ ಕೇಳುವವರಲ್ಲ. ಹೇಳುವುದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನದ ಮಾತನ್ನೇ ಇಲ್ಲಿ ಕೊಂಚ ಒಪ್ಪ ಮಾಡಿ ಬರೆಯುತ್ತಿದ್ದೇನೆ.

* * *

ಮೊದಲು ಬಿರಡೆ ಯಾಕೆ ಬೇಕು ಅಂತ ನೋಡೋಣ. ತೋಟಾ ಕೋವಿಯಲ್ಲಿ ಮದ್ದು, ಚರೆ, ಕೇಪು ಎಲ್ಲ ಒಂದೇ ಕೊಳವೆಯಲ್ಲಿರುತ್ತದೆ. ಹಿಂದಿನಿಂದ ತೆರೆದು ತೋಟಾ ಇಟ್ಟು ಮುಚ್ಚಿದರಾಯಿತು. ಮದ್ದು ಉರಿದಾಗ ತೋಟಾದ ಗೋಡೆ ಉಬ್ಬಿ ನಳಿಗೆಗೆ ಒತ್ತಿಕೊಳ್ಳುತ್ತದೆ. ಗ್ಯಾಸ್ ಹಿಂದಕ್ಕೆ ನುಗ್ಗದಂತೆ ಅದೇ ತಡೆ. ಒಂದು ಈಡಿಗೆ ಒಂದು ತಡೆ, ಕೆಲಸ ಮುಗಿದ ಮೇಲೆ ಎಸೆಯಿರಿ, ಮುಂದಿನದಕ್ಕೆ ಹೊಸದು.

ಕೇಪಿನ ಕೋವಿಯಲ್ಲಿ ಈ ಸವಲತ್ತು ಇಲ್ಲ. ಎಲ್ಲವನ್ನೂ ಬಾಯಿಂದಲೇ ತುಂಬಬೇಕು. ಹಾಗಾಗಿ ಹಿಂದಿನ ತುದಿ ಮುಚ್ಚಿರಬೇಕು. ನಳಿಗೆ ಅಂದರೆ ಎರಡೂ ಕಡೆ ತೆರೆದ ಕೊಳವೆ ತಾನೆ? ಅದರ ಒಂದು ತುದಿಗೆ ಒಳಗಡೆ ಥ್ರೆಡ್ ಕೊರೆದು, ದಪ್ಪ ಬೋಲ್ಟಿನಂಥದ್ದನ್ನು ತಿರುಗಿಸಿ ಕೂರಿಸುತ್ತಾರೆ. ಅದೇ ನಮ್ಮ ಬಿರಡೆ. ತೋಟಾದಂತೆ ಪ್ರತಿ ಈಡಿಗೂ ಹೊಸದಲ್ಲ. ನಮ್ಮ ಕಡೆಯ ಕೋವಿಗಳಲ್ಲಿ ಒಂದು ಸಲ ಕೂತರೆ ಅಜ್ಜನಿಂದ ಮೊಮ್ಮಗನವರೆಗೂ ಅದೇ.

ಬೋಲ್ಟು ತಾನೆ, ಅದರಲ್ಲೇನು ಮಹಾ ಅಂತ ಅನ್ನಿಸಬಹುದು. ಜಪಾನಿನವರನ್ನು ಕೇಳಿ. 1543ರಲ್ಲಿ ತಾನೆಗಾಶಿಮಾ ಅನ್ನುವ ದ್ವೀಪಕ್ಕೆ ಪೋರ್ಚುಗೀಸರು ಬಂದಿಳಿದರು. ಅಲ್ಲಿನ ಹದಿಹರೆಯದ ಪಾಳೆಯಗಾರ ತೊಕಿತಾಕಾ ಅವರಿಂದ ಎರಡು ಕೋವಿ ಕೊಂಡ. ತನ್ನ ಕಮ್ಮಾರರಿಗೆ, ಇಂಥದ್ದೇ ಮಾಡಿ ಅಂದ. ಕತ್ತಿ ಬಡಿಯುವುದರಲ್ಲಿ ಜಗತ್ತಿಗೇ ಮೇಲಾದ ಕಮ್ಮಾರರು ಅವರು. ನಳಿಗೆ ಮಾಡಿದರು, ಮರ ಕೆತ್ತಿದರು, ಎಲ್ಲ ಆಯಿತು. ಸಿಕ್ಕಿಬಿದ್ದದ್ದು ಎಲ್ಲಿ ಗೊತ್ತಾ? ನಳಿಗೆಯ ಹಿಂದಿನ ತುದಿ ಮುಚ್ಚುವುದರಲ್ಲಿ! ಮರುವರ್ಷ ಬಂದ ಹಡಗಿನಲ್ಲಿ ಒಬ್ಬ ವಿದೇಶಿ ಕಮ್ಮಾರ ಇದ್ದ, ಅವನಿಂದ ಆ ವಿದ್ಯೆ ಕಲಿತರು ಅಂತ 1606ರಲ್ಲಿ ಬರೆದ 'ತೆಪ್ಪೋಕಿ' ಅನ್ನುವ ದಾಖಲೆ ಹೇಳುತ್ತದೆ. ಯಾಯಿತಾ ಕಿನ್ಬೆ ಅನ್ನುವ ಕಮ್ಮಾರ ಈ ತಿರುಪಿನ ಗುಟ್ಟಿಗಾಗಿ ಮಗಳು ವಾಕಾಸಾಳನ್ನೇ ಪೋರ್ಚುಗೀಸನಿಗೆ ಮದುವೆ ಮಾಡಿಕೊಟ್ಟ ಅಂತ ಒಂದು ದಂತಕಥೆಯೂ ಇದೆ. ಕಥೆಯೇ ಇರಲಿ, ಒಂದು ಸ್ಕ್ರೂಗೆ ಎಷ್ಟು ಬೆಲೆ ಇತ್ತು ಅನ್ನುವುದು ಗೊತ್ತಾಗುತ್ತದಲ್ಲ. (ಈಗ ಅದೇ ದ್ವೀಪದಿಂದ ಜಪಾನ್ ರಾಕೆಟ್ ಹಾರಿಸುತ್ತದೆ!)

"ಬೆಸುಗೆ ಹಾಕಿ ಮುಚ್ಚಿದ್ರೆ ಆಗ್ತಿರ್ಲಿಲ್ವಾ?" ಅಂದರು ಮಾವ. ಒಳ್ಳೆಯ ಪ್ರಶ್ನೆ. ಕಾದ ಕಬ್ಬಿಣ ಬಡಿದು ಮುಚ್ಚಿದರೆ ಒಳಗೆ ಸರಿಯಾಗಿ ಬೆಸೆದಿದೆಯೋ ಇಲ್ಲವೋ ನೋಡಲಾಗುವುದಿಲ್ಲ. ಮುಂದೆ ತುಕ್ಕು ಹಿಡಿದರೂ ಬಿಚ್ಚಿ ತೊಳೆಯಲಾಗುವುದಿಲ್ಲ. ಬಿಗಿಯಾಗಿ ಮುಚ್ಚಿರಬೇಕು, ಬೇಕಾದಾಗ ಬಿಚ್ಚಲೂ ಬರಬೇಕು. ಈ ಎರಡು ಬೇಡಿಕೆಗಳ ಜಗಳದಲ್ಲೇ ಬಿರಡೆಯ ಇಡೀ ಡಿಸೈನ್ ಇದೆ.

* * *

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಗುಣಾಕಾರ ಅಷ್ಟೇ.

ಒತ್ತಡವನ್ನು ಪಿಎಸ್‌ಐಯಲ್ಲಿ ಅಳೆಯುತ್ತಾರೆ. (ಪಿಎಸ್‌ಐ ಅಂದ ಕೂಡಲೆ ಮಾವ ಠಾಣೆಯ ಕಡೆ ನೋಡಿದರು. ಆ ಪಿಎಸ್‌ಐ ಅಲ್ಲ, ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಭಾರ ಅಂತ.) ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವುದು ಸುಮಾರು 15 ಪಿಎಸ್‌ಐಗೆ. ಕಾರಿನ ಟೈರಿನಲ್ಲಿರುವುದು 30ರ ಆಸುಪಾಸು. ಹನ್ನೆರಡು ಬೋರಿನ ಸಾಧಾರಣ ತೋಟಾಕ್ಕೆ ಅಮೇರಿಕಾದ ಮಾನದಂಡ ಹಾಕಿರುವ ಮಿತಿ 11,500 ಪಿಎಸ್‌ಐ. ಆ ನಳಿಗೆಯ ಒಳ ಅಗಲ ಸುಮಾರು ಹದಿನೆಂಟೂವರೆ ಮಿಲಿಮೀಟರ್. ಗುಣಿಸಿದರೆ ಹಿಂದಕ್ಕೆ ತಳ್ಳುವ ಬಲ ಎರಡು ಟನ್ನಿಗೂ ಮೇಲೆ. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಜಾಗದ ಮೇಲೆ!

ಇನ್ನು ಮದ್ದು. ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. 75, 15, 10ರ ಲೆಕ್ಕ. ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಗ್ಯಾಸ್ ಆಗುವುದೇ ಇಲ್ಲ. ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಬೈದುಕೊಂಡು ತೊಳೆಯುತ್ತೇವಲ್ಲ, ಅದೇ. ಆದರೆ ಇದಕ್ಕೊಂದು ಒಳ್ಳೆಯ ಗುಣವಿದೆ. ಒತ್ತಡ ಏರಿದರೂ ಇದು ಉರಿಯುವ ವೇಗ ಅಷ್ಟೇನೂ ಏರುವುದಿಲ್ಲ. ಮನೆಯ ಹಳೇ ಎತ್ತಿನ ಹಾಗೆ, ಚಾಟಿ ಬೀಸಿದರೂ ತನ್ನದೇ ನಡಿಗೆ.

ಹೊಗೆಯಿಲ್ಲದ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಇದನ್ನು ಕೋವಿಗೆ ಪಳಗಿಸಿದ. ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನ ಕಾರ್ಡೈಟ್ ಫ್ಯಾಕ್ಟರಿಯ ಹೆಸರಲ್ಲಿರುವ ಕಾರ್ಡೈಟ್ ಕೂಡ ಇದೇ ಕುಲದ್ದು. ಇದು ಉರಿದರೆ ಬಹುಪಾಲು ಗ್ಯಾಸೇ ಆಗುತ್ತದೆ. ಜೊತೆಗೆ, ಒತ್ತಡ ಏರಿದಷ್ಟೂ ಇದು ವೇಗವಾಗಿ ಉರಿಯುತ್ತದೆ. ವೇಗವಾಗಿ ಉರಿದಷ್ಟೂ ಒತ್ತಡ ಏರುತ್ತದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ನಿಲ್ಲಿಸುವ ಕಂಡಿಷನ್ ಇಲ್ಲದ ಲೂಪು. ತಯಾರಕರು ಮದ್ದಿನ ತೂಕ, ಚರೆಯ ತೂಕ, ಬಿರಟೆ, ಕೇಪು ಎಲ್ಲವನ್ನೂ ಅಳೆದು ತೋಟಾದೊಳಗೆ ಇಟ್ಟಿರುವುದರಿಂದ ಆ ಲೂಪು ಹಿಡಿತದಲ್ಲಿರುತ್ತದೆ.

ತೋಟಾ ಒಡೆದು ಸುರಿದರೆ ಆ ಹಿಡಿತ ಹೋಯಿತು. ಅಮೇರಿಕಾದ ತೋಟಾ ಡಬ್ಬಿಗಳ ಮೇಲೆ ಇವತ್ತಿಗೂ 'ಇಷ್ಟು ಡ್ರಾಮ್‌ಗೆ ಸಮ' ಅಂತ ಅಚ್ಚು ಹಾಕುತ್ತಾರೆ. ಅಂದರೆ ಇಷ್ಟು ಡ್ರಾಮ್ ಕರಿಮದ್ದು ಮಾಡುವ ಕೆಲಸವನ್ನು ಒಳಗಿರುವ ಮದ್ದು ಮಾಡುತ್ತದೆ ಅಂತ. ಒಳಗಿರುವ ಮದ್ದಿನ ನಿಜವಾದ ತೂಕ ನೋಡಿದರೆ ಕರಿಮದ್ದಿನ ಕಾಲು ಭಾಗದ ಆಸುಪಾಸು! ಮಾವ ಕರಿಮದ್ದು ಅಳೆಯುವುದು ತಗಡಿನ ಪುಟ್ಟ ಅಳತೆಯಲ್ಲಿ. ಹೊಸ ಮದ್ದು ಹಗುರ ನಿಜ. ಆದರೂ ಅದೇ ಅಳತೆ ತುಂಬಿದರೆ ಬೀಳುವುದು ಬೇಕಾದ್ದರ ಎರಡು ಪಟ್ಟು. ಒತ್ತಡ ಮಾತ್ರ ಎರಡು ಪಟ್ಟಿಗೇ ನಿಲ್ಲುವುದಿಲ್ಲ, ಲೂಪಿನ ವಿಷಯ ಆಗಲೇ ಹೇಳಿದೆನಲ್ಲ. "ಕಮ್ಮಿ ಹಾಕಿದ್ರೆ?" ಅಂದರು. ಎಷ್ಟು ಕಮ್ಮಿ ಅಂತ ಹೇಳುವವರು ಯಾರು? ಆ ನಳಿಗೆಗೆ, ಆ ಬಿರಡೆಗೆ, ಗಜದಲ್ಲಿ ಕೈಯಂದಾಜಿಗೆ ಗಿಡಿದ ಕತ್ತದ ನಾರಿಗೆ ಯಾವ ಪುಸ್ತಕದಲ್ಲೂ ಲೆಕ್ಕ ಇಲ್ಲ.

* * *

"ಮತ್ತೆ ಅಮೇರಿಕಾದವ್ರು ಹಾಕ್ತಾರಲ್ಲೋ?"

ಹಾಕುತ್ತಾರೆ. ಯಾಕೆ ಅನ್ನುವುದು ಮಜವಾಗಿದೆ. ಅಲ್ಲಿ ಬಹಳ ರಾಜ್ಯಗಳಲ್ಲಿ ಬಾಯಿಂದ ತುಂಬುವ ಕೋವಿಯವರಿಗೆ ಅಂತಲೇ ಪ್ರತ್ಯೇಕ ಬೇಟೆಯ ಋತು ಇದೆ. ಆ ಋತುವಿನಲ್ಲಿ ಮಾಮೂಲಿ ರೈಫಲ್ಲಿಗೆ ಸಮನಾದ ಕೋವಿ ಹಿಡಿದರೆ ಲಾಭ ತಾನೆ? ಹೀಗಾಗಿ ಹಳೇ ನಿಯಮಕ್ಕೆ ಹೊಸ ಯಂತ್ರ. (ಎಲ್ಲ ಕಡೆ ಒಪ್ಪುವುದಿಲ್ಲ. ಕೊಲೊರಾಡೊದಲ್ಲಿ ಆ ಋತುವಿಗೆ ಹೊಗೆಯಿಲ್ಲದ ಮದ್ದು ನಿಷಿದ್ಧ.) 2000ದ ದಶಕದ ಆರಂಭದಲ್ಲಿ ಸ್ಯಾವೇಜ್ ಕಂಪನಿ 10ಎಂಎಲ್ ಅನ್ನುವ ರೈಫಲ್ ತಂದಿತು. ಅದರ ಹಿಂದಿದ್ದದ್ದು ನಾರ್ತ್ ಕೆರೊಲಿನಾದ ಹೆನ್ರಿ ಬಾಲ್ ಎಂಬ ಕೋವಿ ಕಸುಬುದಾರನ ವಿನ್ಯಾಸ. ಹೊಗೆಯಿಲ್ಲದ ಮದ್ದಿಗೆಂದೇ ಮಾಡಿ, ಕಾರ್ಖಾನೆಯಲ್ಲಿ ತಯಾರಾಗಿ ಬಂದ ಮಜಲ್‌ಲೋಡರ್. ಹತ್ತು ವರ್ಷದ ಆಸುಪಾಸು ಮಾಡಿ ನಿಲ್ಲಿಸಿದರು. ಈಗ ಇಂಥವನ್ನು ಹೆಚ್ಚಾಗಿ ಮಾಡುವವರು ಸಣ್ಣ ಸಣ್ಣ ವರ್ಕ್‌ಶಾಪಿನವರು.

ಮೇಲೆ ನೋಡಿದರೆ ಅದೂ ಬಾಯಿಂದ ತುಂಬುವ ಕೋವಿಯೇ. ಆದರೆ ಅದರ ಬಿರಡೆ ಬಿಚ್ಚಿ ಕೈಯಲ್ಲಿ ಹಿಡಿದರೆ ಕಥೆಯೇ ಬೇರೆ. ಅಲ್ಲಿ ಒತ್ತಡ 30 ಸಾವಿರ ಪಿಎಸ್‌ಐ ದಾಟುವುದು ಸಾಮಾನ್ಯ. ಲೆಕ್ಕಕ್ಕೆ 40 ಸಾವಿರ ಇಟ್ಟುಕೊಳ್ಳಿ. ಅರ್ಧ ಇಂಚಿನ ನಳಿಗೆಯಲ್ಲಿ ಬಿರಡೆಯ ಮೂತಿಯ ಮೇಲೆ ಬೀಳುವುದು ಸುಮಾರು ಮೂರೂವರೆ ಟನ್. ನಾಲ್ಕೈದು ಆಲ್ಟೊ ಕಾರು ಒಂದರ ಮೇಲೊಂದು ಪೇರಿಸಿ ಒಂದು ಬೋಲ್ಟಿನ ತಲೆಯ ಮೇಲೆ ಇಟ್ಟ ಹಾಗೆ. ಇದನ್ನು ತಡೆದುಕೊಳ್ಳಲು ಆ ಬಿರಡೆ ಮೂರು ಕೆಲಸ ಮಾಡಬೇಕು.

ಒಂದನೆಯದು, ಹಿಡಿದುಕೊಳ್ಳುವುದು. ಇದು ಥ್ರೆಡ್ಡಿನ ಕೆಲಸ. ಹತ್ತು ಸುತ್ತು ಥ್ರೆಡ್ ಇದ್ದರೆ ಹತ್ತೂ ಸಮನಾಗಿ ಹೊರೆ ಹೊರುತ್ತವೆ ಅಂದುಕೊಳ್ಳುತ್ತೇವೆ. ಇಲ್ಲ. ಸಾಮಾನ್ಯ ನಟ್ಟು-ಬೋಲ್ಟಿನಲ್ಲಿ ಮೊದಲ ಸುತ್ತೇ ಸುಮಾರು ಮೂರನೇ ಒಂದು ಭಾಗ ಹೊರುತ್ತದೆ. ಮೊದಲ ಮೂರು ಸೇರಿ ಬಹುಪಾಲು. ಕೊನೆಯವು ಮದುವೆ ಮನೆಯಲ್ಲಿ ಸುಮ್ಮನೆ ಓಡಾಡುವ ನೆಂಟರ ಹಾಗೆ. (ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಹೊತ್ತುಕೊಂಡು ಪರೀಕ್ಷೆ ಬರೆದವರಿಗೆ ಇದು ನೆನಪಿರಬಹುದು.) ಬಿರಡೆಯಲ್ಲೂ ಮದ್ದಿಗೆ ಹತ್ತಿರದ ಮುಂದಿನ ಸುತ್ತುಗಳ ಮೇಲೇ ಹೆಚ್ಚು ಹೊರೆ. ಹಾಗಾಗಿ ಥ್ರೆಡ್ಡಿನ ಸಂಖ್ಯೆ ಹೆಚ್ಚಿಸಿದರೆ ಸಾಲದು, ಒಳ್ಳೆಯ ಉಕ್ಕು ಬೇಕು, ಎರಡೂ ಕಡೆಯ ಥ್ರೆಡ್ ಒಂದಕ್ಕೊಂದು ಕರಾರುವಾಕ್ಕಾಗಿ ಕೂರಬೇಕು.

ಎರಡನೆಯದು, ಸೋರದಂತೆ ತಡೆಯುವುದು. ಥ್ರೆಡ್ ಎಷ್ಟೇ ಬಿಗಿಯಿದ್ದರೂ ಗ್ಯಾಸಿಗೆ ಅದೊಂದು ಸುರುಳಿ ಮೆಟ್ಟಿಲು, ಹತ್ತಿಕೊಂಡು ಬಂದುಬಿಡುತ್ತದೆ. ಅದಕ್ಕೇ ಬಿರಡೆಯ ಮೂತಿ ನಳಿಗೆಯೊಳಗಿನ ಒಂದು ಅಂಚಿಗೆ ಲೋಹಕ್ಕೆ ಲೋಹ ತಾಗಿ ಒತ್ತಿ ಕೂರಬೇಕು. ಕೂರದಿದ್ದರೆ ಏನಾಗುತ್ತದೆ? ಗ್ಯಾಸ್ ಥ್ರೆಡ್ಡಿನವರೆಗೂ ಹಬ್ಬಿದರೆ ಅದು ತಳ್ಳುವ ಜಾಗವೇ ದೊಡ್ಡದಾಗುತ್ತದೆ. ಅರ್ಧ ಇಂಚಿನ ಬದಲು ಐದೆಂಟಾಂಶ ಇಂಚು ಅಂತ ಇಟ್ಟುಕೊಳ್ಳಿ. ವ್ಯತ್ಯಾಸ ಸಣ್ಣದು, ಆದರೆ ವಿಸ್ತೀರ್ಣ ಒಂದೂವರೆ ಪಟ್ಟು. ಮೂರೂವರೆ ಟನ್ ಇದ್ದದ್ದು ಐದೂವರೆ! ಒಂದು ಸೋರಿಕೆ ಇಡೀ ಲೆಕ್ಕವನ್ನೇ ಬದಲಾಯಿಸಿಬಿಡುತ್ತದೆ.

ಮೂರನೆಯದು, ಕಿಡಿಗೆ ದಾರಿ ಬಿಡುವುದು. ತಮಾಷೆ ನೋಡಿ, ಇಷ್ಟೆಲ್ಲ ಮುಚ್ಚಿದ ಮೇಲೆ ಅದೇ ಬಿರಡೆಯ ನಡುವೆ ಒಂದು ತೂತು ಕೊರೆಯಬೇಕು. ಕೇಪಿನ ಬೆಂಕಿ ಮದ್ದಿಗೆ ತಲುಪಬೇಕಲ್ಲ! ಸ್ಯಾವೇಜಿನಲ್ಲಿ ಆ ತೂತು ಒಂದು ಇಂಚಿನ ಸಾವಿರ ಭಾಗಗಳಲ್ಲಿ ಮೂವತ್ತರಷ್ಟು, ಮುಕ್ಕಾಲು ಮಿಲಿಮೀಟರ್. ಬೆಂಕಿ ಒಳಕ್ಕೆ ಹೋದ ದಾರಿಯಲ್ಲೇ ಗ್ಯಾಸ್ ಹೊರಕ್ಕೆ ನುಗ್ಗುತ್ತದೆ. ಅದರ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಉಕ್ಕು ಕರಗುವುದು 1500ರ ಆಸುಪಾಸಿನಲ್ಲಿ. ಕ್ಷಣಮಾತ್ರದ ಕೆಲಸವಾದ್ದರಿಂದ ತೂತು ಪೂರ್ತಿ ಕರಗುವುದಿಲ್ಲ. ಆದರೆ ಪ್ರತಿ ಈಡಿಗೂ ಅಂಚಿನ ಒಂದು ಪದರ ಮೆತ್ತಗಾಗಿ, ಗ್ಯಾಸಿನ ಜೊತೆ ಕೊಚ್ಚಿಹೋಗುತ್ತದೆ. ಮೂವತ್ತು ಇದ್ದದ್ದು ನಲವತ್ತಾದರೆ ಅಗಲ ಹೆಚ್ಚಿದ್ದು ಮೂರನೇ ಒಂದು ಭಾಗ ಮಾತ್ರ. ಗ್ಯಾಸ್ ನುಗ್ಗುವ ದಾರಿ ಮುಕ್ಕಾಲು ಪಾಲಿಗೂ ಹೆಚ್ಚು ದೊಡ್ಡದಾಯಿತು. ಆಮೇಲೆ ಕೇಪಿನ ಮೇಲೆ ಹಿಂದಿನಿಂದ ಏಟು ಬೀಳತೊಡಗುತ್ತದೆ. ಗುಂಡಿನ ವೇಗ ಒಂದೊಂದು ಈಡಿಗೆ ಒಂದೊಂದು ತರಹ ಆಗುತ್ತದೆ. ಅದಕ್ಕೂ ಎಚ್ಚರವಾಗದಿದ್ದರೆ ಕೇಪೇ ಒಡೆದು ಬೆಂಕಿ ಹಿಂದಕ್ಕೆ ಬರುತ್ತದೆ.

ಇದಕ್ಕೆ ಅವರು ಕಂಡುಕೊಂಡ ಉಪಾಯವೇನು? ಸವೆಯದ ತೂತು ಮಾಡಲಾಗಲಿಲ್ಲ. ಅದಕ್ಕೇ ಬದಲಾಯಿಸಬಹುದಾದ ತೂತು ಮಾಡಿದರು! ಬಿರಡೆಯ ಮೂತಿಯೊಳಗೆ ಒಂದು ಪುಟ್ಟ ತಿರುಪು, ಆ ತಿರುಪಿನಲ್ಲಿ ತೂತು. ಸವೆದರೆ ಅದೊಂದನ್ನೇ ಕಿತ್ತು ಹೊಸದು ಹಾಕುವುದು. ಈಗಿನ ಕಸುಬುದಾರರು ಆ ಜಾಗಕ್ಕೆ ಟಂಗ್‌ಸ್ಟನ್ ಕಾರ್ಬೈಡಿನ ಬಿಲ್ಲೆಯನ್ನೂ ಕೂರಿಸುತ್ತಾರೆ, ಲೇತಿನಲ್ಲಿ ಉಕ್ಕು ಕೊರೆಯುವ ಉಳಿಗೆ ಬಳಸುತ್ತಾರಲ್ಲ, ಅದೇ ವಸ್ತು. ಇದೇನು ಹೊಸ ಬುದ್ಧಿಯಲ್ಲ. ಇನ್ನೂರು ವರ್ಷದ ಹಿಂದೆಯೇ ಇಂಗ್ಲೆಂಡಿನ ಕೋವಿ ತಯಾರಕರು ಒಳ್ಳೆಯ ಕೋವಿಗಳ ಕಿಡಿತೂತಿಗೆ ಚಿನ್ನದ, ಪ್ಲಾಟಿನಮ್ಮಿನ ಒಳಪದರ ಹಾಕುತ್ತಿದ್ದರು. ಶ್ರೀಮಂತರ ಶೋಕಿ ಅಂದುಕೊಂಡಿದ್ದೆ. ಸವೆತಕ್ಕೆ, ತುಕ್ಕಿಗೆ ಅವರು ಕಂಡುಕೊಂಡ ಮದ್ದು ಅದು (ಈ ಮದ್ದು ಬೇರೆ :-) ).

ಜೊತೆಗೆ ಆ ಬಿರಡೆ ಬಿಚ್ಚಿ ತೊಳೆಯಲೆಂದೇ ಮಾಡಿದ್ದು. ಉಕ್ಕಿನ ಥ್ರೆಡ್ ಉಕ್ಕಿನಲ್ಲಿ ಕಚ್ಚಿಕೊಂಡು ಕೂರದಂತೆ ಅದಕ್ಕೆಂದೇ ಇರುವ ಗ್ರೀಸ್ ಹಚ್ಚುತ್ತಾರೆ. ಕಿಡಿತೂತಿಗೆ ಅಳತೆಯ ಕಡ್ಡಿ ತೂರಿಸಿ ಎಷ್ಟು ಸವೆದಿದೆ ನೋಡುತ್ತಾರೆ. ಅಂದರೆ ಆ ಕೋವಿಯ ಬಾಳಿಕೆ ಕೇವಲ ಲೋಹದಲ್ಲಿಲ್ಲ, ಬಿಚ್ಚಿ ನೋಡುವ ಅಭ್ಯಾಸದಲ್ಲೂ ಇದೆ. ಆ ವಿಡಿಯೋದಲ್ಲಿ ಢಂ ಅನ್ನಿಸಿದ್ದು ಮಾತ್ರ ಕಾಣುತ್ತದೆ, ಇದು ಕಾಣುವುದಿಲ್ಲ.

* * *

ಈಗ ನಮ್ಮ ಕೋವಿಗೆ ಬನ್ನಿ. ನಳಿಗೆಯ ಕಬ್ಬಿಣ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಬಿರಡೆ ಕೂರಿಸಿದವರು ಯಾರೋ, ಯಾವ ಕಾಲದಲ್ಲೋ. ಅದರ ಮೇಲೆ ನಮ್ಮ ಮಳೆ. ಕರಿಮದ್ದಿನ ಮಸಿ ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ, ಹೀರಿ ಕಬ್ಬಿಣ ತಿನ್ನುತ್ತದೆ. ನಳಿಗೆಯನ್ನು ಬಿಸಿನೀರು ಹಾಕಿ ತೊಳೆಯುತ್ತೇವೆ, ಎಣ್ಣೆ ಬಟ್ಟೆ ಆಡಿಸುತ್ತೇವೆ. ಆದರೆ ಬಿರಡೆಯ ಮೂತಿ ನಳಿಗೆಗೆ ಸೇರುವ ಸಂದಿಗೆ ಗಜದ ತುದಿಯ ಬಟ್ಟೆ ಹೋಗುವುದಿಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು, ಆ ತಿಂಗಳುಗಳಲ್ಲಿ ಎಣ್ಣೆಯೂ ಇಲ್ಲ. ಒಳಗೆ ಏನಾಗಿದೆ ಅಂತ ಹೊರಗಿನಿಂದ ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಮಾವನ ಕೊನೆಯ ಬಾಣ ಬತ್ತಳಿಕೆಯಲ್ಲೇ ಇತ್ತು. "ಅಲ್ವೋ, ಕೆಳಗಿನ ಊರಲ್ಲಿ ಒಬ್ಬ ಹಂಗೇ ಹಾಕಿ ಹೊಡ್ದಿದಾನಂತೆ. ಎಂತದೂ ಆಗ್ಲಿಲ್ವಂತೆ."

ಇದಕ್ಕೆ ಉತ್ತರ ಹೇಳುವುದೇ ಕಷ್ಟ. ಯಾಕೆಂದರೆ ಒಮ್ಮೊಮ್ಮೆ ನಿಜವಾಗಿಯೂ ಏನೂ ಆಗುವುದಿಲ್ಲ. ನಮ್ಮ ಆಫೀಸಿನಲ್ಲೂ ಇದೇ ವಾದ, 'ನನ್ನ ಮಿಷಿನ್ನಿನಲ್ಲಿ ಓಡಿತು' ಅಂತ. ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯುವುದಿಲ್ಲ. ಹಾಗೇ ಬಗ್ಗಿಸುತ್ತಾ ಹೋದರೆ ಒಂದು ಸಲ ಪಟ್ ಅಂತ ಮುರಿಯುತ್ತದೆ. ಆ ಕೊನೆಯ ಸಲ ನಾವೇನೂ ಹೆಚ್ಚು ಬಲ ಹಾಕಿರುವುದಿಲ್ಲ. ಲೋಹದೊಳಗೆ ಕೂದಲೆಳೆಯ ಬಿರುಕು ಹುಟ್ಟಿ, ಪ್ರತಿ ಈಡಿಗೂ ಒಂದಿಷ್ಟು ಬೆಳೆಯುತ್ತದೆ. ಏನೂ ಆಗದ ಆ ಮೊದಲ ಈಡಿನಲ್ಲೇ ಬಿರುಕು ಹುಟ್ಟಿರಬಹುದು. ಮುಂದೊಂದು ದಿನ ಮಾಮೂಲಿ ಕರಿಮದ್ದಿಗೇ ಬಿರಡೆ ಹಾರಬಹುದು. ಹಾರಿದರೆ ಅದು ಹೋಗುವುದು ಗುರಿಯ ಕಡೆಗಲ್ಲ. ಮರಕ್ಕೆ ಕೆನ್ನೆ ಕೊಟ್ಟು ಒಂದು ಕಣ್ಣು ಮುಚ್ಚಿ ನಿಂತಿದ್ದೇವಲ್ಲ, ಆ ತೆರೆದ ಕಣ್ಣಿನ ಕಡೆಗೆ.

ಮಾವ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, "ಹಂಗಾದ್ರೆ ನಮ್ಮ ಕೋವಿದು ಈಗ ಹೆಂಗಿದೆ ಅಂತ ನೋಡೋದು ಹೆಂಗೆ?" ಅಂದರು. ನನಗೆ ಗೊತ್ತಿರುವುದು ಲೆಕ್ಕ. ಕೋವಿ ಬಿಚ್ಚುವ ಕೈಯಲ್ಲ ನನ್ನದು. ಹಬ್ಬ ಮುಗಿದ ಮೇಲೆ ಲೈಸೆನ್ಸ್ ಪುಸ್ತಕ ಹಿಡಿದುಕೊಂಡು, ಕೋವಿಗೆ ಗೋಣಿ ಸುತ್ತಿಕೊಂಡು, ಶಿವಮೊಗ್ಗದಲ್ಲಿ ರಿಪೇರಿ ಲೈಸೆನ್ಸ್ ಇರುವ ಹಿರಿಯರೊಬ್ಬರ ಹತ್ತಿರ ಹೋದೆವು. ಅವರು ನಳಿಗೆಯ ಬುಡಕ್ಕೆ ತೆಳು ಎಣ್ಣೆ ಬಿಟ್ಟು, ನಾಲ್ಕು ದಿನ ಬಿಟ್ಟು ಬನ್ನಿ ಅಂದರು. ನಾನು ಬೆಂಗಳೂರಿಗೆ ಬಂದಿದ್ದೆ. ಮಾವ ಒಬ್ಬರೇ ಹೋಗಿ, ಬಿಚ್ಚಿದ ಬಿರಡೆಯ ಫೋಟೋ ತೆಗೆದು ಕಳಿಸಿದರು.

ಮೀಟಿಂಗಿನ ನಡುವೆ ಫೋಟೋ ತೆರೆದೆ. ಹಿಂದಿನ ಸುತ್ತುಗಳು ನಿನ್ನೆ ಕೊರೆದ ಹಾಗೆ ಹೊಳೆಯುತ್ತಿದ್ದವು. ಮದ್ದಿನ ಕಡೆಯ ಮೂರು ನಾಲ್ಕು ಸುತ್ತು ಇರಲೇ ಇಲ್ಲ. ಹುಳ ಹಿಡಿದ ಹಲ್ಲಿನ ಹಾಗೆ ತಿಂದುಹೋಗಿದ್ದವು. ಹೆಚ್ಚು ಹೊರೆ ಹೊರಬೇಕಾದವೂ ಅವೇ, ತುಕ್ಕು ತಿಂದದ್ದೂ ಅವನ್ನೇ. ಇಷ್ಟು ವರ್ಷ ನಮ್ಮನ್ನು ಕಾದದ್ದು ಮದುವೆ ಮನೆಯಲ್ಲಿ ಸುಮ್ಮನೆ ಓಡಾಡುತ್ತಾರೆ ಅಂದೆನಲ್ಲ, ಆ ನೆಂಟರು. ಹಿರಿಯರು ಮಾವನಿಗೆ ಹೇಳಿದ್ದು ಇಷ್ಟೇ ಅಂತೆ: "ಇದಕ್ಕೆ ಇನ್ಮೇಲೆ ಕರಿಮದ್ದೂ ಬೇಡ ಗೌಡ್ರೇ."

ಬಿರಡೆ ಹೊಸದು ಮಾಡಬಹುದಿತ್ತು. ಆದರೆ ನಳಿಗೆಯೊಳಗಿನ ಥ್ರೆಡ್ಡೂ ಹಾಗೇ ತಿಂದುಹೋಗಿತ್ತು. ಮಾವನಿಗೆ ಬೇಜಾರಾಗಿದೆ. ಅವರ ಅಪ್ಪ ಹಿಡಿದ ಕೋವಿ ಅದು. ನನ್ನ ಜೊತೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ, 'ನಿನ್ನ ಮಾತು ಕೇಳಿ ಇದ್ದ ಕೋವಿನೂ ಹೋಯ್ತು' ಅನ್ನುವ ಧಾಟಿಯಲ್ಲಿ. ಮಂಗಗಳು ಅವರ ಬೇಜಾರಿಗೆ ಕಾಯುವುದಿಲ್ಲವಲ್ಲ, ಈಗ ಪಟಾಕಿ ಮತ್ತು ತಗಡಿನ ಡಬ್ಬ. ಹೊಸ ಕೋವಿಗೆ ಅರ್ಜಿ ಹಾಕುವುದೋ ಬೇಡವೋ ಅಂತ ಇನ್ನೂ ತೂಗುತ್ತಿದ್ದಾರೆ. ಅತ್ತೆ ಮಾತ್ರ ಫೋನಿನಲ್ಲಿ ಮೆಲ್ಲಗೆ, "ಒಳ್ಳೇದಾಯ್ತು ಬಿಡೋ" ಅಂದರು.

ಈ ಬ್ಲಾಗ್ ಓದುವವರಲ್ಲಿ ಮಲೆನಾಡಿನವರು, ಕೊಡಗಿನವರು ಸುಮಾರು ಜನ ಇದ್ದೀರಿ. ಮನೆಯಲ್ಲಿ ಹಳೆಯ ಕೇಪಿನ ಕೋವಿ ಇದ್ದರೆ ದಯವಿಟ್ಟು ಎರಡು ಮಾತು ಮನೆಯವರಿಗೆ ತಲುಪಿಸಿ. ತೋಟಾದ ಮದ್ದನ್ನು ಯಾವ ಕಾರಣಕ್ಕೂ ಅದಕ್ಕೆ ಹಾಕಬೇಡಿ, ಚಿಟಿಕೆಯಷ್ಟೂ ಬೇಡ. ಒಮ್ಮೆಯಾದರೂ ಲೈಸೆನ್ಸ್ ಇರುವ ಕಸುಬುದಾರರ ಹತ್ತಿರ ಒಯ್ದು ಬಿರಡೆ ಬಿಚ್ಚಿಸಿ ನೋಡಿ. ಮನೆಯಲ್ಲೇ ಸ್ಪ್ಯಾನರ್ ಹಾಕಿ ತಿರುಗಿಸುವ ಸಾಹಸವೂ ಬೇಡ, ಒಳಗೆ ಹಳೇ ಮದ್ದು ಉಳಿದಿದ್ದರೆ ಇನ್ನೊಂದು ಅನಾಹುತ.

ಕೊನೆಗೊಂದು ಕುತೂಹಲ. ನಿಮ್ಮ ಊರಿನ ಕಡೆ ಈ ಬಿರಡೆಗೆ ಏನಾದರೂ ಹೆಸರಿದೆಯೇ? ಗೊತ್ತಿದ್ದರೆ ಕೆಳಗೆ ಕಾಮೆಂಟಿಸಿ. ಹೆಸರಿದ್ದರೆ ಯಾರಾದರೂ ಅದರ ಕಡೆ ತಿರುಗಿ ನೋಡಿಯಾರು ಅಂತ ಒಂದು ಆಸೆ.